ದಕಾರದ ಕೆಳಗೊಂದು ಗೀಟು

ನಿಘಂಟು ಕಚೇರಿಯಲ್ಲಿ ಜಗಳ ಹತ್ತಿಕೊಳ್ಳುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ, ಒಂದು ಪದ ಸಾಕು. ಅವತ್ತು ಮಧ್ಯಾಹ್ನ ಟೀ ಬರುವ ಹೊತ್ತಿಗೆ ಸಿಕ್ಕಿದ ಪದ ‘ಪೆಕ್ಯುಲೇಷನ್’.

ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ದೊಡ್ಡ ನಿಘಂಟು ಅದು. ಎಷ್ಟೋ ವರ್ಷಗಳಿಂದ ತಯಾರಾಗುತ್ತಲೇ ಇತ್ತು. “ನಿಮ್ಮ ನಿಘಂಟು ಮುಗಿಯೋದರೊಳಗೆ ಇಂಗ್ಲಿಷೇ ಮುಗಿದಿರುತ್ತೆ ಬಿಡಿ” ಎಂದು ಕೆಳಗಿನ ಟೈರ್ ಅಂಗಡಿಯವನು ಸಿಕ್ಕಾಗಲೆಲ್ಲ ಚುಡಾಯಿಸುತ್ತಿದ್ದ. ಅವನ ಅಂಗಡಿಯ ಮೇಲಿನ ಉದ್ದನೆಯ ಕೋಣೆಯೇ ಕಚೇರಿ. ಗೋಡೆಯುದ್ದಕ್ಕೂ ಖಾನೆಗಳು, ಖಾನೆಗಳ ತುಂಬ ಪದ ಬರೆದ ಚೀಟಿಗಳ ಕಟ್ಟು. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಟೀ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಅಲ್ಲಿ ಇದ್ದವರು ಮೂರೇ ಜನ. ಸಂಪಾದಕರು, ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅರ್ಧ ಮಾತಿಗೇ ನಿಂತು ಯೋಚಿಸುವ ಚಾಳಿಯಿಂದ ‘ಅಲ್ಪವಿರಾಮ’ ಎಂದು ಹೆಸರು ಪಡೆದ ಸಹಾಯಕ. ಮತ್ತೆ ಅಕ್ಕ. ನಲವತ್ತು ದಾಟಿದ ಈ ಹೆಂಗಸು ಟೈರ್ ಅಂಗಡಿಯವನಿಂದ ಹಿಡಿದು ಟೀ ತರುವವನವರೆಗೆ ಎಲ್ಲರಿಗೂ ಅಕ್ಕನೇ.

“ಹಣ ದುರುಪಯೋಗ ಅಂತ ಬರೆದು ಕೈ ತೊಳ್ಕೊಳ್ಳೋಣ” ಎಂದ ಅಲ್ಪವಿರಾಮ.

“ದುರುಪಯೋಗ ಅಂದ್ರೆ, ಮಳೆ ಬರ್ತಿರುವಾಗ ಗಿಡಕ್ಕೆ ನೀರು ಹಾಕೋದೂ ದುರುಪಯೋಗವೇ” ಮೇಷ್ಟ್ರು ಲೋಟ ಕೆಳಗಿಟ್ಟರು. “ಇದು ಹಾಗಲ್ಲವಯ್ಯ. ನಂಬಿ ಕೈಗೆ ಕೊಟ್ಟಿರೋದನ್ನ ಒಳಗೆ ಹಾಕ್ಕೊಳ್ಳೋದು.”

“ಹಾಗಾದ್ರೆ ನುಂಗೋದು. ಇಲ್ಲಾಂದ್ರೆ, ಗುಳುಂ...”

“ನಮ್ಮ ಜನ ಹೇಳೋದೂ ಹಾಗೇ. ನುಂಗಿ ನೀರು ಕುಡಿದ, ತಿಂದು ತೇಗಿದ. ನಮ್ಮವರಿಗೆ ಕಳ್ಳತನವೂ ಊಟದ ವಿಷಯವೇ ನೋಡು. ಆದ್ರೆ ನಿಘಂಟಿನಲ್ಲಿ ಗುಳುಂ ಅಂತ ಅಚ್ಚು ಹಾಕಿದ್ರೆ ಮಾನ ಉಳಿಯುತ್ತಾ? ಏನಮ್ಮ, ನೀನೇನಂತೀಯ?”

ಅಕ್ಕ ತಲೆಯೆತ್ತಲಿಲ್ಲ. “ಹೊಡೆಯೋದು ಅಂತಲೂ ಇದೆಯಲ್ಲ ಮೇಷ್ಟ್ರೆ. ದುಡ್ಡು ಹೊಡೆದ ಅಂತಾರೆ” ಎಂದಳು.

ಆ ಪದ ನಿಘಂಟಿಗೆ ಬರುವ ಎಷ್ಟೋ ಮೊದಲೇ ಅವಳ ಮನೆಗೆ ಬಂದು ಕಾಲು ಚಾಚಿ ಕೂತಿತ್ತು. ನೀರು ಸರಬರಾಜು ಕಚೇರಿಯಲ್ಲಿ ಕ್ಯಾಷಿಯರ್ ಆಗಿದ್ದ ಅವಳಪ್ಪನನ್ನು ಕೆಲಸದಿಂದ ತೆಗೆದು, ಜೈಲಿಗೆ ಕಳಿಸಿ, ಮನೆಯಿಂದಲೂ ಕಿತ್ತುಕೊಂಡದ್ದು ಇದೇ ಪದ. ಜೈಲಿನಿಂದ ಬಿಡುಗಡೆಯಾದ ಅಪ್ಪ ಎಲ್ಲಿ ಹೋದರೆಂದು ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ. ಹೋದ ತಿಂಗಳು ಗೊತ್ತಾಗಿತ್ತು. ಗೊತ್ತಾದ ಮೇಲೂ ಅವಳು ಹೋಗಿರಲಿಲ್ಲ.

ಸುದ್ದಿ ತಂದವನು ಅಪ್ಪನ ಹಳೇ ಕಚೇರಿಯ ಜವಾನ, ಈಗ ನಿವೃತ್ತ. ಪಕ್ಕದ ಊರಿನ ಬಸ್ ನಿಲ್ದಾಣದ ಹಿಂದೆ ಪಾರ್ಸಲ್ ಆಫೀಸಿದೆಯಲ್ಲ, ಅಲ್ಲಿ ಕೂತು ಗಂಟುಗಳ ಮೇಲೆ ವಿಳಾಸ ಬರೀತಾರೆ ನಿಮ್ಮಪ್ಪ, ನಾನು ಕಣ್ಣಾರೆ ನೋಡಿದೆ, ಮಾತಾಡಿಸಿದೆ ಎಂದ. “ಮನೆಗೆ ಬನ್ನಿ ಸಾರ್, ಎಲ್ಲಾ ಹಳೇದಾಯ್ತು ಅಂದೆ ಕಣಮ್ಮ. ಕುಂಚ ಕೆಳಗಿಟ್ಟು, ಅಲ್ಲಿ ನನ್ನದು ಅಂತ ಏನಿದೆ ಅಂದ್ರು. ನನಗೆ ಬಾಯಿ ಕಟ್ಟಿಹೋಯ್ತು.”

ಅಕ್ಕನ ಬಾಯಿಯೂ ಕಟ್ಟಿಹೋಗಿತ್ತು. ಹಗಲೆಲ್ಲ ಪದಗಳ ನಡುವೆ ಬದುಕುವವಳಿಗೆ ಆ ಒಂದು ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಉತ್ತರವಿಲ್ಲದೆ ಹೋಗಿ, ಅಪ್ಪ ಅದನ್ನೇ ಅವಳ ಮುಖಕ್ಕೂ ಕೇಳಿಬಿಟ್ಟರೆ? ಆಮೇಲೆ ಕಾಯುವುದಕ್ಕೂ ಏನೂ ಉಳಿಯುವುದಿಲ್ಲವಲ್ಲ ಎಂಬ ಹೆದರಿಕೆ. ಬಸ್ಸಿಗೆ ಒಂದೂವರೆ ಗಂಟೆಯ ದಾರಿ, ಅವಳಿಗೆ ಅದು ಸಮುದ್ರ ದಾಟಿದಷ್ಟಾಗಿತ್ತು.

ಅಮ್ಮನಿಗೆ ಅಂಥ ಗೊಂದಲಗಳಿರಲಿಲ್ಲ. ಸುದ್ದಿ ಕೇಳಿದವಳೇ, “ಕರ್ಕೊಂಡು ಬಾ. ಬೈಬೇಕು” ಎಂದಳು.

“ಅಷ್ಟಕ್ಕೇ ಕರ್ಕೊಂಡು ಬರ್ಬೇಕಾ?”

“ಇನ್ನೇನು, ಆರತಿ ಎತ್ತೋಕಾ? ಇಷ್ಟು ವರ್ಷದಿಂದ ಒಳಗೇ ಇಟ್ಕೊಂಡಿದೀನಿ ಕಣೇ. ತುಕ್ಕು ಹಿಡಿಯೋದರೊಳಗೆ ಬೈದು ಮುಗಿಸ್ಬೇಕು.”

ಈ ಕಥೆಗೆಲ್ಲ ಮೂಲ ಒಂದು ಬೀರು. ಆಗ ಅವರಿದ್ದದ್ದು ದೊಡ್ಡಪ್ಪನ ಮನೆಯಲ್ಲಿ, ಹಿಂದಿನ ಕೋಣೆಯಲ್ಲಿ. ಕೋಣೆ ದೊಡ್ಡಪ್ಪನದು, ಮಂಚ ದೊಡ್ಡಪ್ಪನದು, ಅಮ್ಮನ ಬಟ್ಟೆಯ ಪೆಟ್ಟಿಗೆ ಇಟ್ಟಿದ್ದ ಜಾಗವೂ ದೊಡ್ಡಮ್ಮನ ಮಂಚದ ಕೆಳಗೆ. ಬಟ್ಟೆ ಬದಲಾಯಿಸಬೇಕಾದರೂ ಅಮ್ಮ ಇನ್ನೊಬ್ಬರ ಮಂಚದ ಕೆಳಗೆ ತಲೆ ತೂರಿಸಬೇಕಿತ್ತು. ಒಂದು ಸಂಜೆ ಅಪ್ಪ ಕೈಗಾಡಿಯ ಮೇಲೆ ಹಸಿರು ಬಣ್ಣದ, ಉದ್ದ ಕನ್ನಡಿಯ ಬೀರು ಹೇರಿಸಿಕೊಂಡು ಬಂದರು. ಅಮ್ಮ ಅದರ ಬಾಗಿಲು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, “ಇದು ನಮ್ಮದು” ಎಂದಳು. ಅಪ್ಪ ಬಾಗಿಲಲ್ಲಿ ನಿಂತು ಮಗಳಿಗೆ ಕೈಮುಗಿದು, “ಯಜಮಾನಿಯವರಿಗೆ ಒಪ್ಪಿಗೆಯಾ?” ಎಂದರು. ಅವರು ಅವಳನ್ನು ಕರೆಯುತ್ತಿದ್ದದ್ದೇ ಯಜಮಾನಿ ಎಂದು. ಬೀರು ಎಲ್ಲಿಂದ ಬಂತು ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ, ಅಮ್ಮನೂ ಕೇಳಲಿಲ್ಲ.

ಆಮೇಲೆ ಒಂದು ಫ್ಯಾನು ಬಂತು, ಯಜಮಾನಿಗೆ ಕೆಂಪು ಬೂಟು ಬಂತು. ಅಪ್ಪ ದೊಡ್ಡ ಕಳ್ಳರೇನಲ್ಲ. ಹಾಗಂತ ಕಳ್ಳರೇ ಅಲ್ಲ ಎಂದರೂ ಸುಳ್ಳು. ಜನ ನೀರಿಗೆ ಕಟ್ಟಿದ ದುಡ್ಡಿನಲ್ಲಿ ಇವರು ತಮಗೂ ಒಂದಿಷ್ಟು ಬಗ್ಗಿಸಿಕೊಂಡರು, ಒಂದು ದಿನ ಕೊಡ ತುಂಬಿ ಹೊರಗೆ ಚೆಲ್ಲಿತು. ಜಪ್ತಿಗೆ ಬಂದವರು ಬೀರನ್ನೂ ಕೈಗಾಡಿಯಲ್ಲೇ ಒಯ್ದರು. ಬೀದಿಯುದ್ದಕ್ಕೂ ಅದರ ಕನ್ನಡಿಯಲ್ಲಿ ಅಕ್ಕಪಕ್ಕದ ಮನೆಯವರ ಮುಖಗಳೆಲ್ಲ ಒಂದಾದ ಮೇಲೊಂದು ಕಂಡುಹೋದವು.

ಅಪ್ಪ ಎಲ್ಲಿ ಎಂದು ಮಗು ಕೇಳಿದ್ದಕ್ಕೆ ಉತ್ತರ ಕೊಟ್ಟವರು ದೊಡ್ಡಪ್ಪ. ಈ ಮಹಾನುಭಾವರು ದುಡ್ಡಿಗೆ ದುಡ್ಡು ಅಂದವರಲ್ಲ, ಗ್ರಂಥದ ಮಾತೇ ಆಗಬೇಕು. ಆದರೆ ಮಹಾಪ್ರಾಣ ಉಚ್ಚರಿಸಿದರೆ ಎಲ್ಲಿ ತಮ್ಮ ಪ್ರಾಣವೇ ಹೋಗುತ್ತದೋ ಎಂಬಂತೆ ಧನವನ್ನು ದನ ಎನ್ನುತ್ತಿದ್ದರು. “ನಿಮ್ಮಪ್ಪ ಸರ್ಕಾರದ ದನ ಹೊಡ್ಕೊಂಡು ಹೋದ. ಇನ್ನು ಸದ್ಯಕ್ಕೆ ಬರಲ್ಲ” ಎಂದರು.

ಮಗುವಿಗೆ ಸಮಾಧಾನವೇ ಆಯಿತು. ಸರ್ಕಾರ ಅಂದರೆ ದೊಡ್ಡದು, ಅದಕ್ಕೆ ದನವೂ ಬಹಳ ಇರಬೇಕು. ಅಷ್ಟನ್ನೂ ಹೊಡೆದುಕೊಂಡು ಹೋಗಿ ಮೇಯಿಸಿ ಬರಬೇಕಾದರೆ ತಡವಾಗದೆ ಇರುತ್ತದೆಯೇ? ಬೀದಿಯ ಕೊನೆಗೆ ಹಾಲಿನವನ ಕೊಟ್ಟಿಗೆಯಿತ್ತು. ಸಂಜೆ ದನಗಳು ಮರಳಿ ಬರುವ ಹೊತ್ತಿಗೆ ಅವಳು ಕೆಂಪು ಬೂಟು ಹಾಕಿಕೊಂಡು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು. ಗೊರಸಿನ ಸದ್ದು, ಧೂಳು, ಕೊನೆಯ ಹಸುವಿನ ಬೆನ್ನು, ಅದರ ಹಿಂದೆ ಅಪ್ಪ ಇರಬೇಕು. ದಿನವೂ ಅಲ್ಲಿರುತ್ತಿದ್ದವನು ಕೋಲು ಹಿಡಿದ ಕೊಟ್ಟಿಗೆಯವನು. ಒಂದು ದಿನ ಅವನನ್ನೇ ಕೇಳಿದಳು: “ಸರ್ಕಾರದ ದನ ಯಾವ ಕಡೆ ಮೇಯುತ್ವೆ?”

“ಸರ್ಕಾರದ್ದು ಎಲ್ಲಾ ಕಡೆ ಮೇಯುತ್ತೆ ಮಗಾ” ಎಂದ ಅವನು. “ಹುಲ್ಲಿಲ್ಲದೆ ಇರೋದು ನಮ್ಮವಕ್ಕೇ.”

ಶಾಲೆಯಲ್ಲಿ ‘ನನ್ನ ತಂದೆ’ ಎಂದು ಬರೆಯಲು ಹೇಳಿದಾಗ ಅವಳು ಹೆಮ್ಮೆಯಿಂದ ಬರೆದಳು: ನನ್ನ ತಂದೆ ಸರ್ಕಾರದ ದನ ಹೊಡೆದಿದ್ದಾರೆ. ಟೀಚರ್ ಓದಿದರು, ಬಾಯಿಗೆ ಸೆರಗು ಅಡ್ಡ ಹಿಡಿದರು, ಪಕ್ಕದ ಕ್ಲಾಸಿನ ಟೀಚರನ್ನು ಕರೆದು ತೋರಿಸಿದರು. ಆಮೇಲೆ ಕೆಂಪು ಮಸಿಯಲ್ಲಿ ದ ಅಕ್ಷರದ ಹೊಟ್ಟೆಯ ಕೆಳಗೆ ಒಂದು ಗೀಟು ಎಳೆದು ಧ ಮಾಡಿದರು. ಅಷ್ಟೇ, ಒಂದು ಸಣ್ಣ ಗೀಟು. ದನ ಕಾಯುತ್ತಿದ್ದ ಅಪ್ಪ ಅದರಿಂದ ಕಳ್ಳನಾದರು. ಪುಸ್ತಕ ಹಿಡಿದುಕೊಂಡು ಮನೆಗೆ ಓಡಿ ಬಂದರೆ ಅಮ್ಮ ಬಟ್ಟೆ ಹಿಂಡುತ್ತಿದ್ದಳು, ತಿರುಗಿ ನೋಡದೆ “ಟೀಚರ್ ತಿದ್ದಿದ್ದೇ ಸರಿ” ಎಂದಳು. ಆದರೂ ಸಂಜೆಯಾಗುತ್ತಲೇ ಮಗು ಮೆಟ್ಟಿಲಿಗೆ ಹೋಗಿ ನಿಂತಿತು. ಅಕ್ಷರ ತಿದ್ದುವುದು ಸುಲಭ, ಬೀದಿಯ ಕೊನೆ ನೋಡಿ ರೂಢಿಯಾದ ಕಣ್ಣನ್ನು ತಿದ್ದುವುದು ಕಷ್ಟ. ಕಾಲು ಬೆಳೆದು ಬೂಟು ಹಿಡಿಸದೆ ಹೋದ ಮೇಲೂ ಅವಳು ಅಲ್ಲಿ ನಿಲ್ಲುವುದನ್ನು ಬಿಡಲಿಲ್ಲ.

ಅಪ್ಪ ಬಂದದ್ದು ಮಾತ್ರ ಅವಳು ಶಾಲೆಯಲ್ಲಿದ್ದ ಹೊತ್ತಿನಲ್ಲಿ. ಜೈಲಿನಿಂದ ನೇರವಾಗಿ ಬಂದು ಗೇಟಿನ ಹೊರಗೆ ನಿಂತರಂತೆ. ದೊಡ್ಡಪ್ಪ ಗೇಟು ತೆಗೆಯದೆ, “ಇಲ್ಲಿ ನಿನ್ನದು ಅಂತ ಏನೂ ಇಲ್ಲ” ಎಂದರಂತೆ. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ದನಿ ಕೇಳಿತು. ಅವಳು ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಅಪ್ಪ ತಿರುವು ದಾಟಿಯಾಗಿತ್ತು. ಹಿಂದೆ ಓಡಿದಳು, ಸಿಗಲಿಲ್ಲ. ಅದೇ ವಾರ ಅಮ್ಮ ಮಗಳ ಕೈ ಹಿಡಿದು ಆ ಮನೆ ಬಿಟ್ಟಳು. ಹಾಸ್ಟೆಲ್ ಒಂದರಲ್ಲಿ ಅಡುಗೆಗೆ ಸೇರಿ ಮಗಳನ್ನು ಓದಿಸಿದಳು. ಆದರೆ “ಕೈ ಒರೆಸ್ಕೊಳ್ಳದೆ ಹಾಗೇ ಬಂದಿದ್ರೆ ಆಗ್ತಿತ್ತು” ಎಂಬ ಮಾತನ್ನು ಮಾತ್ರ ಅವಳು ಇವತ್ತಿಗೂ ಬಿಟ್ಟಿಲ್ಲ.

ಕೆಳಗೆ ಗಾಳಿಯಂತ್ರ ನಿಂತಿತು. ಮೇಷ್ಟ್ರು ಪದಗಳ ಹುಟ್ಟು ಹೇಳುವ ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಕ ಹಣೆಗೇರಿಸಿದ್ದರು.

“ಅಲಾ! ಕೇಳ್ರಪ್ಪ ಇಲ್ಲಿ. ಇದರ ಬೇರು ಲ್ಯಾಟಿನ್ನಿನ ‘ಪೆಕು’. ಪೆಕು ಅಂದ್ರೇನು ಗೊತ್ತಾ? ದನ.”

“ಧನ ತಾನೇ?” ಎಂದ ಅಲ್ಪವಿರಾಮ.

“ಧನ ಅಲ್ಲವಯ್ಯ, ದನ. ಅಲ್ಪಪ್ರಾಣ. ಅಂಬಾ ಅನ್ನೋದು!”

ಅಕ್ಕನ ಕೈಯಲ್ಲಿದ್ದ ಚೀಟಿಗಳ ಕಟ್ಟು ಜಾರಿ ನೆಲದ ಮೇಲೆ ಹರಡಿತು. ಯಾರೂ ಗಮನಿಸಲಿಲ್ಲ. ಮೇಷ್ಟ್ರಿಗೆ ಒಂದು ಪದದ ಬೇರು ಸಿಕ್ಕರೆ ಕೋಣೆಗೆ ಬೆಂಕಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ.

“ಹಿಂದೆ ರೋಮಿನವರಿಗೆ ದನವೇ ಧನ. ಆಳುಗಳಿಗೆ ತಮ್ಮದು ಅಂತ ಏನೂ ಇಟ್ಕೊಳ್ಳೋ ಹಾಗಿರಲಿಲ್ಲ. ಅಪ್ಪನ ಕೈಕೆಳಗಿದ್ದ ಮಗನಿಗೂ ಅಷ್ಟೇ. ಎಲ್ಲಾ ಯಜಮಾನನದು. ಆದ್ರೆ ಯಜಮಾನ ಮನಸ್ಸು ಮಾಡಿ ಇವರಿಗೆ ಒಂದೆರಡು ದನ ಬಿಟ್ಟುಕೊಡೋನು. ಕಾನೂನಿನ ಲೆಕ್ಕಕ್ಕೆ ಅದೂ ಯಜಮಾನಂದೇ. ಆದ್ರೂ ಇದು ನನ್ನದು ಅಂತ ಆ ಆಳು ಅಂದ್ಕೊಬಹುದು. ಅದಕ್ಕೆ ‘ಪೆಕೂಲಿಯಂ’ ಅಂತ ಹೆಸರು. ಏನೂ ಇಲ್ಲದವನ ಸ್ವಂತದ್ದು. ಆಮೇಲೆ ಯಾವನೋ ಊರಿನದನ್ನೇ ನನ್ನ ಸ್ವಂತದ್ದು ಅಂತ ಎಳ್ಕೊಂಡ ನೋಡು, ಅದು ಪೆಕ್ಯುಲೇಷನ್ ಆಯ್ತು.” ಮೇಷ್ಟ್ರು ಪುಸ್ತಕ ಮುಚ್ಚಿದರು. “ಪಾಪದ ಪದ ಕಣ್ರಯ್ಯ. ಹುಟ್ಟಿದಾಗ ಕಳ್ಳತನ ಅಂತ ಅರ್ಥವೇ ಇರಲಿಲ್ಲ. ನನ್ನದೂ ಅಂತ ಒಂದಿರಲಿ ಅನ್ನೋ ಆಸೆ ಇತ್ತು ಅಷ್ಟೇ.”

ಅಕ್ಕ ನೆಲದ ಮೇಲೆ ಕೂತು ಚೀಟಿಗಳನ್ನು ಆರಿಸುತ್ತಿದ್ದಳು. ಕಣ್ಣು ಮಂಜಾಗಿ ಯಾವ ಅಕ್ಷರವೂ ಕಾಣುತ್ತಿರಲಿಲ್ಲ. ಹಾಗಾದರೆ ಕೆಂಪು ಬೂಟಿನ ಆ ಹುಡುಗಿ ಕಾದದ್ದು ಸುಳ್ಳಲ್ಲ. ಟೀಚರ್ ಎಳೆದ ಗೀಟೂ ಸರಿ, ಗೀಟಿಲ್ಲದ ದನವೂ ಸರಿ. ಅಪ್ಪ ಬೇಕು ಎಂದು ಅವಳಿಗೆ ಎಷ್ಟು ಜೋರಾಗಿ ಅನ್ನಿಸಿತೆಂದರೆ, ಆರಿಸಿದ ಚೀಟಿಗಳನ್ನು ಹಾಗೇ ಮೇಜಿನ ಮೇಲೆ ಸುರಿದು ಎದ್ದಳು.

“ಮೇಷ್ಟ್ರೆ, ನಾಳೆ ರಜ ಬೇಕು.”

“ಯಾಕಮ್ಮ, ಏನು ವಿಶೇಷ?”

“ತಪ್ಪಿಸ್ಕೊಂಡಿರೋ ದನ ಹುಡುಕ್ಬೇಕು.”

ಮೇಷ್ಟ್ರು ಅಲ್ಪವಿರಾಮನ ಮುಖ ನೋಡಿದರು, ಅಲ್ಪವಿರಾಮ ಮೇಷ್ಟ್ರ ಮುಖ ನೋಡಿದ. ರಜ ಸಿಕ್ಕಿತು.

ಪಾರ್ಸಲ್ ಆಫೀಸಿನಲ್ಲಿ ಗೋಣಿದಾರ, ಅರಗು, ಒದ್ದೆ ರಟ್ಟು ಎಲ್ಲ ಬೆರೆತ ವಾಸನೆ. ಜಾಲರಿಯ ಕಿಟಕಿಗಳು ಎರಡು. ಒಂದರ ಹಿಂದೆ ದುಡ್ಡು ತೆಗೆದುಕೊಳ್ಳುವ ಹುಡುಗಿ. ಇನ್ನೊಂದರ ಹಿಂದೆ, ಕುಂಚ ಮತ್ತು ಕಪ್ಪು ಮಸಿಯ ಡಬ್ಬಿ ಇಟ್ಟುಕೊಂಡ ಮುದುಕ. ಬೆನ್ನು ಬಾಗಿತ್ತು, ಕಿವಿಯ ಮೇಲೆ ಬಿಳಿ ಕೂದಲು. ಅಕ್ಕ ಸಾಲಿನ ಕೊನೆಯಲ್ಲಿ ನಿಂತು ನೋಡುತ್ತಲೇ ಇದ್ದಳು. ಮುಂದಿದ್ದವನು ಒಂದು ನೋಟು ಚಾಚಿದ. ಮುದುಕ ಬಿಸಿ ಪಾತ್ರೆ ತಾಗಿದಂತೆ ಕೈ ಹಿಂದಕ್ಕೆಳೆದು, “ದುಡ್ಡು ಆ ಕಿಟಕಿ, ಆ ಕಿಟಕಿ” ಎಂದು ಕುಂಚದಿಂದಲೇ ದಾರಿ ತೋರಿಸಿದರು.

ಪಾರ್ಸಲ್ ಬಿಡಿಸಿಕೊಳ್ಳಲು ಬಂದವರಿಗೆಲ್ಲ ಅವರದು ಒಂದೇ ಪ್ರಶ್ನೆ. ತನ್ನದನ್ನು ತಾನು ಒಯ್ಯುವವರಿಗೆ ಸಹಿ ಸಾಕು, ಬೇರೆಯವರದನ್ನು ಒಯ್ಯಲು ಬಂದವರು ಅಪ್ಪಣೆ ಚೀಟಿ ತರಬೇಕು. ಅದಕ್ಕೆ ತಲೆಯೆತ್ತದೆ ಕೇಳುತ್ತಿದ್ದರು: “ಸ್ವಂತದ್ದಾ, ಬೇರೆಯವರದ್ದಾ?”

ಎಲ್ಲ ಬಿಟ್ಟು ಈ ಮನುಷ್ಯನ ಬಾಯಿಗೇ ಈ ಪ್ರಶ್ನೆ ಕಟ್ಟಿದ ವಿಧಿಗೆ ಬುದ್ಧಿ ಇಲ್ಲ ಎನ್ನಬೇಕು, ಇಲ್ಲವೇ ಬಹಳ ಇದೆ ಎನ್ನಬೇಕು. ಅಕ್ಕನ ಸರದಿ ಬಂತು.

“ಸ್ವಂತದ್ದಾ, ಬೇರೆಯವರದ್ದಾ?”

ಅವಳು ಜಾಲರಿ ಹಿಡಿದು ನಿಂತಳು. ಹಿಂದಿನವರು “ಬೇಗ ಹೇಳಿ ತಾಯಿ” ಎಂದು ಗೊಣಗಿದರು.

“ಸ್ವಂತದ್ದು” ಎಂದಳು.

“ಯಾರ ಹೆಸರಿಗಿದೆ?”

ಮನೆಯಲ್ಲಿ ಎಷ್ಟೋ ವರ್ಷಗಳಿಂದ ಯಾರೂ ಬಾಯಿಬಿಟ್ಟು ಹೇಳದಿದ್ದ ಹೆಸರನ್ನು, ಅಪ್ಪನ ಹೆಸರನ್ನು, ಅವಳು ಹೇಳಿದಳು. ಮುದುಕ ಬರೆಯಲು ಶುರುಮಾಡಿದರು. ಮೊದಲ ಅಕ್ಷರ ಮೂಡಿತು, ಎರಡನೆಯದಕ್ಕೆ ಕುಂಚ ನಿಂತಿತು. ತುದಿಯಿಂದ ಒಂದು ಹನಿ ಮಸಿ ಕಾಗದದ ಮೇಲೆ ಬಿತ್ತು. ಅವರು ತಲೆಯೆತ್ತಿದರು. ಜಾಲರಿಯಾಚೆಯ ನಡುವಯಸ್ಸಿನ ಹೆಂಗಸಿನ ಮುಖದಲ್ಲಿ ಏನನ್ನೋ ಹುಡುಕಿದರು, ಆಮೇಲೆ ಕತ್ತು ಚಾಚಿ ಕೆಳಗೆ ಅವಳ ಕಾಲುಗಳನ್ನು ನೋಡಿದರು, ಅಲ್ಲಿ ಇನ್ನೂ ಕೆಂಪು ಬೂಟು ಇರಬಹುದೇನೋ ಎಂಬಂತೆ.

“ಯಜಮಾನಿ?” ಎಂದರು.

ಒಳಗೆ ಗಂಟುಗಳ ಮೇಲೆ ಅಪ್ಪ ಮಗಳು ಕೂತರು. ಅವಳು ದೊಡ್ಡಪ್ಪನ ದನದ ಕಥೆ ಹೇಳಿದಳು, ಕೊಟ್ಟಿಗೆಯವನು ಹೇಳಿದ್ದನ್ನೂ ಹೇಳಿದಳು. ಅಪ್ಪ ನಕ್ಕರು, ನಗುತ್ತ ನಗುತ್ತ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. “ಪ್ರತಿ ಸಂಜೆನೂ ನಿಲ್ತಿದ್ಯಾ?” ಎಂದು ಕೇಳಿದರು. ಹೌದೆಂದಾಗ ನಗು ನಿಂತಿತು.

“ಟೀಚರ್ ಗೀಟು ಸರಿಯಾಗೇ ಎಳೆದ್ರಮ್ಮ. ನಾನು ತಗೊಂಡಿದ್ದು ನಿಜ.”

“ಗೊತ್ತಪ್ಪ.”

“ಮತ್ತೆ ಯಾಕೆ ಬಂದೆ?”

“ಮನೆಗೆ ಬನ್ನಿ ಅನ್ನೋಕೆ.”

ಅವರು ಬೆರಳಿಗಂಟಿದ ಮಸಿಯನ್ನು ಉಜ್ಜಿಕೊಂಡರು. ಅವಳು ಹೆದರಿದ್ದ ಮಾತು ಬಂದೇ ಬಂತು. “ಅಲ್ಲಿ ನನ್ನದು ಅಂತ ಏನಿದೆ?”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಉತ್ತರ ಜೋಡಿಸಿಕೊಂಡಿದ್ದಳು. ಲ್ಯಾಟಿನ್ ಬೇರು, ರೋಮಿನ ಆಳು, ಪೆಕೂಲಿಯಂ ಎಲ್ಲ ಸಾಲಾಗಿ ನಿಂತಿದ್ದವು. ಈಗ ಒಂದೂ ನೆರವಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ.

“ಬೈಗುಳ ಇದೆ.”

“ಏನು?”

“ಅಮ್ಮನ ಬೈಗುಳ. ಅಷ್ಟೂ ಹಾಗೇ ಇದೆ. ನಿಮ್ಮದನ್ನ ಬೇರೆಯವರಿಗೆ ಕೊಡೋಕಾಗುತ್ತಾ? ಇಷ್ಟು ವರ್ಷ ಒಬ್ಬರಿಗೂ ಕೊಟ್ಟಿಲ್ಲ. ತುಕ್ಕು ಹಿಡೀತಿದೆ, ಬೇಗ ಕರ್ಕೊಂಡು ಬಾ ಅಂದಿದಾಳೆ.” ಇಷ್ಟಕ್ಕೇ ನಿಲ್ಲಿಸಬೇಕು ಅಂದುಕೊಂಡಿದ್ದಳು. ಆದರೆ ದನಿ ಒಡೆದು ಉಳಿದದ್ದೂ ಹೊರಗೆ ಬಂತು. “ನಾನೂ ಇದೀನಲ್ಲ ಅಪ್ಪ. ನಾನೂ ನಿಮ್ಮದೇ ಅಲ್ವಾ.”

ಹೊರಗೆ ಜನ ಜಾಲರಿ ತಟ್ಟುತ್ತಿದ್ದರು. ಅಪ್ಪ ಎದ್ದು ಹೋಗಿ ಮಸಿಯ ಡಬ್ಬಿಗೆ ಮುಚ್ಚಳ ಒತ್ತಿದರು, ಕುಂಚ ತೊಳೆದಿಟ್ಟರು. ದುಡ್ಡಿನ ಕಿಟಕಿಯ ಹುಡುಗಿಗೆ, “ಇವತ್ತು ನೀನೇ ನೋಡ್ಕೊಳಮ್ಮ. ನನ್ನನ್ನ ಬಿಡಿಸ್ಕೊಂಡು ಹೋಗೋರು ಬಂದಿದಾರೆ” ಎಂದರು.

ಬಸ್ಸಿಳಿದು ಮನೆಯ ಬೀದಿಗೆ ಬಂದಾಗ ಸಂಜೆಯಾಗಿತ್ತು. ತಿರುವಿಗೆ ಬಂದ ಮೇಲೆ ಅಪ್ಪನ ಹೆಜ್ಜೆ ಸಣ್ಣದಾಗುತ್ತ ಬಂತು. ಅವಳು ಹಿಂದೆ ಉಳಿದು ಅವರನ್ನು ಮುಂದೆ ಬಿಟ್ಟಳು, ಮತ್ತೆ ತಿರುಗಿ ಹೊರಟುಬಿಟ್ಟಾರೆಂಬ ಭಯ ಅವಳಿಗೆ. ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈತುಂಬ ಸೋಪಿನ ನೊರೆ, ಒರೆಸಿಕೊಂಡಿರಲಿಲ್ಲ.

ಅಮ್ಮ ಗಂಡನನ್ನು ನೋಡಿದಳು. ಮುಖ ಮಗಳ ಕಡೆ ತಿರುಗಿಸಿ, “ಅಂತೂ ಹೊಡ್ಕೊಂಡು ಬಂದ್ಯಲ್ಲ” ಎಂದಳು.

ಅಪ್ಪ ಹೊಸ್ತಿಲ ಆಚೆಗೇ ನಿಂತಿದ್ದರು. ಹಿಂದೆ ಗೇಟಿನ ಹೊರಗೆ ನಿಂತಿದ್ದರಂತಲ್ಲ, ಹಾಗೆ. ಕರೆಯದೆ ಒಳಗೆ ಬರುವುದಿಲ್ಲ, ಹೋಗಲು ಕಾಲೂ ಏಳುವುದಿಲ್ಲ. ಅಮ್ಮ ನೊರೆಗೈಯಲ್ಲೇ ಅವರ ಅಂಗಿಯ ತೋಳು ಹಿಡಿದಳು.

“ಯಾರ ಮನೆ ಅಂತ ಹೊರಗೆ ನಿಂತಿದೀರಿ?” ಎಂದು ಬೈಯಲು ಶುರುಮಾಡಿದಳು.